ಸ್ಟಿಕ್ಕರ್ ಒಂದೇ, ರ‍್ಯಾಮ್ ಬೇರೆ: ಕಂಪ್ಯೂಟರ್ ಅಸೆಂಬಲ್ ಮಾಡಿಸುವವರು ಗಮನಿಸಿ

ಕಡಿಮೆ ಖರ್ಚಿನಲ್ಲಿ ಮನೆಗೊಂದು ಕಂಪ್ಯೂಟರ್ ಅಸೆಂಬಲ್ ಮಾಡಿಸಲು ಹೊರಟವರು ಯಾವ ಪ್ರೊಸೆಸರ್, ಯಾವ ಮದರ್‌ಬೋರ್ಡ್ ಎಂದು ವಾರಗಟ್ಟಲೆ ವಿಚಾರಿಸುತ್ತಾರೆ. ರ‍್ಯಾಮ್ ಎಂಬ ತಾತ್ಕಾಲಿಕ ಮೆಮೊರಿಯ ವಿಷಯಕ್ಕೆ ಬಂದಾಗ ಮಾತ್ರ ‘ಹದಿನಾರು ಜಿಬಿ ಹಾಕಿ’ ಎಂದು ಹೇಳಿ ಉಳಿದದ್ದನ್ನು ಅಂಗಡಿಯವರಿಗೇ ಬಿಡುತ್ತಾರೆ. ವಂಚನೆಗೆ ಅತ್ಯಂತ ಸುಲಭವಾಗಿ ಎಡೆ ಸಿಗುವುದು ಅಲ್ಲಿಯೇ ಎಂಬುದು ನಮ್ಮ ಮನೆಯವರಿಗೆ ಈಚೆಗೆ ಅನುಭವಕ್ಕೆ ಬಂದಿದೆ. ಬೇರೆ ಯಾರಿಗೂ ಹೀಗಾಗಬಾರದೆಂದು ವಿವರವಾಗಿ ಬರೆಯುತ್ತಿದ್ದೇನೆ.

ದಾವಣಗೆರೆಯಲ್ಲಿ ಡಿಪ್ಲೊಮಾ ಓದುತ್ತಿರುವ ಅಕ್ಕನ ಮಗನಿಗಾಗಿ ಬೆಂಗಳೂರಿನ ಅಂಗಡಿಯೊಂದರಲ್ಲಿ ಕಂಪ್ಯೂಟರ್ ಜೋಡಿಸಲು ಹೇಳಿದ್ದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿಗೆ ಹಣವಿರಲಿಲ್ಲವಾದ್ದರಿಂದ ರೈಜನ್ 5 5600ಜಿ ಪ್ರೊಸೆಸರ್, ರ‍್ಯಾಮ್ ಕೂರಿಸಲು ಎರಡೇ ಸ್ಲಾಟ್ ಇರುವ ಎ520 ಮದರ್‌ಬೋರ್ಡ್, ಮತ್ತು 3200 ವೇಗದ 8 ಜಿಬಿಯ ಎರಡು ಡಿಡಿಆರ್4 ಪೀಳಿಗೆಯ ರ‍್ಯಾಮ್ ಸ್ಟಿಕ್‌ಗಳು ಬೇಕೆಂದು ಬರೆದುಕೊಟ್ಟಿದ್ದೆ. 16 ಜಿಬಿಯ ಒಂದೇ ಸ್ಟಿಕ್ ಬೇಡವೆಂದದ್ದಕ್ಕೆ ಕಾರಣವಿದೆ. ಈ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್‌ಗೆ ತನ್ನದೇ ಆದ ಮೆಮೊರಿ ಇಲ್ಲ, ಅದು ಕಂಪ್ಯೂಟರಿನ ರ‍್ಯಾಮನ್ನೇ ಬಳಸುತ್ತದೆ. 3200 ವೇಗದ ಒಂದು ಸ್ಟಿಕ್‌ನಿಂದ ಸೆಕೆಂಡಿಗೆ ಹೆಚ್ಚೆಂದರೆ 25.6 ಗಿಗಾಬೈಟ್ ದತ್ತಾಂಶ ಸಾಗಿದರೆ, ಎರಡು ಚಾನೆಲ್‌ಗಳಲ್ಲಿ (ದತ್ತಾಂಶ ಸಾಗುವ ದಾರಿಗಳಲ್ಲಿ) ಎರಡು ಸ್ಟಿಕ್ ಇದ್ದಾಗ ಅದು 51.2ಕ್ಕೆ ಏರುತ್ತದೆ. ಡ್ರಾಯಿಂಗ್ ಸಾಫ್ಟ್‌ವೇರ್ ಬಳಸುವ ಹುಡುಗನಿಗೆ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಅಂಗಡಿಯಲ್ಲಿ ಎಲ್ಲವೂ ಸರಿಯಿದ್ದಂತೆಯೇ ಕಂಡಿತು. ಎರಡೂ ಸ್ಟಿಕ್‌ಗಳ ಮೇಲೆ ಒಂದೇ ಬ್ರಾಂಡಿನ, 3200 ಎಂದು ಮುದ್ರಿಸಿದ ಸ್ಟಿಕ್ಕರ್ ಇತ್ತು. ಯಂತ್ರ ಶುರುವಾಗುವಾಗ ತೆರೆಯಬಹುದಾದ ಬಯಾಸ್ ಎಂಬ ಸೆಟ್ಟಿಂಗ್ ಪರದೆಯೂ 3200 ಎಂದೇ ತೋರಿಸುತ್ತಿತ್ತು. ಊರಿಗೆ ಹೋದ ಮೇಲೆ ತೊಂದರೆ ಶುರುವಾಯಿತು. ಕೆಲಸದ ನಡುವೆ ನೀಲಿ ಪರದೆ ಬಂದು ಯಂತ್ರ ತಾನಾಗಿ ರೀಸ್ಟಾರ್ಟ್ ಆಗುವುದು, ನಕಲು ಮಾಡಿದ ಜಿಪ್ ಫೈಲ್ ತೆರೆಯದಿರುವುದು, ಸೇವ್ ಮಾಡಿದ ಡ್ರಾಯಿಂಗ್ ಕೆಟ್ಟುಹೋಗುವುದು. ಅಂಗಡಿಗೆ ಫೋನ್ ಮಾಡಿದರೆ ‘ವಿಂಡೋಸ್ ಪ್ರಾಬ್ಲಂ ಸರ್, ಫಾರ್ಮ್ಯಾಟ್ ಮಾಡಿ’ ಎಂದರು. ಫಾರ್ಮ್ಯಾಟ್ ಮಾಡಿದರೂ ಅದೇ ಗೋಳು. ರ‍್ಯಾಮ್ ಕೆಟ್ಟರೆ ಯಂತ್ರವೇ ಆನ್ ಆಗುವುದಿಲ್ಲ ಎಂದು ಹಲವರು ತಿಳಿದಿದ್ದಾರೆ. ವಾಸ್ತವದಲ್ಲಿ ಅರೆಬರೆ ಹೊಂದುವ ರ‍್ಯಾಮ್ ಅದಕ್ಕಿಂತ ಅಪಾಯಕಾರಿ, ಏಕೆಂದರೆ ಅದು ಯಂತ್ರವನ್ನು ನಡೆಯಲು ಬಿಟ್ಟು ಒಳಗಿಂದೊಳಗೇ ಫೈಲುಗಳನ್ನು ಹಾಳುಮಾಡುತ್ತದೆ.

ನಾನೇ ಊರಿಗೆ ಹೋಗಿ ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶದಲ್ಲಿ ಎಸ್‌ಪಿಡಿ ಎಂಬ ಪುಟವನ್ನು ತೆರೆದು ನೋಡಿದೆ. ಪ್ರತಿಯೊಂದು ಸ್ಟಿಕ್‌ನಲ್ಲಿರುವ ಸಣ್ಣ ಚಿಪ್ಪಿನಲ್ಲಿ ಅದರ ತಯಾರಕರ ಹೆಸರು, ಪಾರ್ಟ್ ನಂಬರ್, ಗರಿಷ್ಠ ವೇಗ, ತಯಾರಾದ ವಾರ ಮತ್ತು ವರ್ಷ ದಾಖಲಾಗಿರುತ್ತವೆ; ಆ ಪುಟದಲ್ಲಿ ಅದನ್ನೆಲ್ಲ ಸ್ಲಾಟ್‌ವಾರು ಓದಬಹುದು. ಮೊದಲ ಸ್ಲಾಟಿನದು ನಿಜವಾಗಿಯೂ 3200. ಎರಡನೆಯದು 2020ರಲ್ಲಿ ಬೇರೆ ಕಂಪನಿ ತಯಾರಿಸಿದ, 2666 ವೇಗದ ಸ್ಟಿಕ್. ಬಿಚ್ಚಿ ಪಕ್ಕಪಕ್ಕದಲ್ಲಿಟ್ಟಾಗ ಒಂದರ ಮೇಲೆ ಎಂಟು ಕಪ್ಪು ಚಿಪ್ಪುಗಳಿದ್ದವು, ಇನ್ನೊಂದರ ಮೇಲೆ ನಾಲ್ಕೇ. ಎರಡನೆಯದರ ಸ್ಟಿಕ್ಕರಿನ ಎದ್ದಿದ್ದ ಮೂಲೆಯನ್ನು ಉಗುರಿನಿಂದ ಮೆಲ್ಲಗೆ ಸರಿಸಿದರೆ ಅಡಿಯಲ್ಲಿ ಇನ್ನೊಂದು ಹಳೆಯ ಸ್ಟಿಕ್ಕರ್, ಅದರಲ್ಲಿ ‘1ಆರ್‌ಎಕ್ಸ್16 ಪಿಸಿ4-2666’ ಎಂಬ ಅಕ್ಷರಗಳು ಸ್ಪಷ್ಟವಾಗಿದ್ದವು. ಎರಡು ಬಗೆಯ ಸ್ಟಿಕ್ ಸೇರಿದಾಗ ಬೋರ್ಡ್ ಸಾಮಾನ್ಯವಾಗಿ ನಿಧಾನದ್ದರ ವೇಗಕ್ಕೆ ಎರಡನ್ನೂ ಇಳಿಸುತ್ತದೆ. ಇಲ್ಲಿ ಹಾಗೆ ಆಗದಂತೆ ಬಯಾಸ್‌ನಲ್ಲಿ ಕೈಯಾರೆ 3200 ಎಂದು ನಮೂದಿಸಿ, ಪರದೆಯ ಮೇಲೆ ಸರಿಯಾದ ಅಂಕೆ ಕಾಣುವಂತೆ ಮಾಡಿದ್ದರು. ಮೆಮ್‌ಟೆಸ್ಟ್86 (ರ‍್ಯಾಮ್ ಪರೀಕ್ಷಿಸುವ ತಂತ್ರಾಂಶ) ಓಡಿಸಿದರೆ ದೋಷ ತೋರಿಸುವ ಕೆಂಪು ಸಾಲುಗಳು ಒಂದರ ಹಿಂದೊಂದು ಬಂದವು. ವೇಗವನ್ನು 2666ಕ್ಕೆ ಇಳಿಸಿದ ಕೂಡಲೇ ನಿಂತವು.

ಆ ನಾಲ್ಕು ಚಿಪ್ಪಿನ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1ಆರ್‌ಎಕ್ಸ್8 ಎಂದಿರುವ 8 ಜಿಬಿ ಡಿಡಿಆರ್4 ಸ್ಟಿಕ್‌ನಲ್ಲಿ ಎಂಟು ಚಿಪ್ಪುಗಳಿದ್ದು, ಪ್ರತಿಯೊಂದರಲ್ಲೂ ನಾಲ್ಕು ಬ್ಯಾಂಕ್ ಗುಂಪುಗಳು (ಒಂದರ ಕೆಲಸ ನಡೆಯುವಾಗಲೇ ಇನ್ನೊಂದನ್ನು ಬಳಸಬಹುದಾದ ಮೆಮೊರಿ ವಿಭಾಗಗಳು) ಇರುತ್ತವೆ. 1ಆರ್‌ಎಕ್ಸ್16 ಎಂದಿರುವುದರಲ್ಲಿ ಚಿಪ್ಪುಗಳು ನಾಲ್ಕು, ಬ್ಯಾಂಕ್ ಗುಂಪುಗಳು ಎರಡೇ. ಹೀಗಾಗಿ ವೇಗದ ಅಂಕೆ ಒಂದೇ ಇದ್ದರೂ ಎರಡನೆಯದು ಹಿಂದೆ ಬೀಳುತ್ತದೆ. ಅದು ದೋಷಯುಕ್ತ ವಸ್ತುವೇನಲ್ಲ, ಕಚೇರಿ ಕೆಲಸಕ್ಕೆ ಸಾಕಾಗುತ್ತದೆ. ಆದರೆ ಮೊದಲನೆಯದರ ಬೆಲೆ ತೆತ್ತು ಅದನ್ನು ಒಯ್ಯುವುದು ಅನ್ಯಾಯ. ಲೋಹದ ಹೊದಿಕೆಯಿರುವ ಸ್ಟಿಕ್‌ಗಳಲ್ಲಿ ಚಿಪ್ಪುಗಳು ಕಾಣುವುದಿಲ್ಲವಾದ್ದರಿಂದ ಅಂಥವುಗಳಲ್ಲಿ ಪಾರ್ಟ್ ನಂಬರನ್ನೇ ನಂಬಬೇಕು.

ನಾವು ಸೋತದ್ದು ಬಿಲ್ಲಿನ ವಿಚಾರದಲ್ಲಿ. ಜಿಎಸ್‌ಟಿ ಬಿಲ್ ಎಂದು ಕೊಟ್ಟ ಹಾಳೆಯಲ್ಲಿದ್ದದ್ದು ‘ರ‍್ಯಾಮ್ 16 ಜಿಬಿ’ ಎಂಬ ಒಂದೇ ಸಾಲು. ಬ್ರಾಂಡ್ ಇಲ್ಲ, ಪಾರ್ಟ್ ನಂಬರ್ ಇಲ್ಲ, ಸೀರಿಯಲ್ ನಂಬರ್ ಇಲ್ಲ. ಸ್ಟಿಕ್ ಹಿಡಿದುಕೊಂಡು ಹೋದಾಗ ‘ಇದು ನಾವು ಕೊಟ್ಟದ್ದೇ ಅಲ್ಲ’ ಎಂದು ಅಂಗಡಿಯವರು ಕೈತೊಳೆದುಕೊಂಡರು. 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿದೆ; ಅಲ್ಲಿಗೂ ಅವರು ಅದೇ ಉತ್ತರ ಕೊಟ್ಟಿದ್ದಾರೆ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಇದ್ದಿದ್ದರೆ ಆ ಮಾತಿಗೆ ಆಸ್ಪದವೇ ಇರುತ್ತಿರಲಿಲ್ಲ.

2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿತು. ಬೆಲೆ ಏರಿದಾಗ ಹಳೆಯ ಸ್ಟಿಕ್‌ಗಳಿಗೆ ಹೊಸ ಸ್ಟಿಕ್ಕರ್ ಅಂಟಿಸುವವರಿಗೆ ಲಾಭವೂ ಹೆಚ್ಚು. ಆದ್ದರಿಂದ ಅಂಗಡಿಗೆ ಹೋಗುವ ಮೊದಲೇ ನಿಮ್ಮ ಬೋರ್ಡಿನ ತಯಾರಕರ ಜಾಲತಾಣದಲ್ಲಿ ‘ಮೆಮೊರಿ ಕ್ಯೂವಿಎಲ್’ ಎಂಬ ಪಟ್ಟಿಯನ್ನು ಇಳಿಸಿಕೊಂಡು, ಆ ಬೋರ್ಡಿನಲ್ಲಿ ಪರೀಕ್ಷಿಸಿರುವ ಪಾರ್ಟ್ ನಂಬರುಗಳಲ್ಲಿ ಎರಡು ಮೂರನ್ನು ಬರೆದುಕೊಳ್ಳಿ. ಎರಡು ಬಿಡಿ ಸ್ಟಿಕ್‌ಗಳ ಬದಲು ಒಂದೇ ಪೊಟ್ಟಣದಲ್ಲಿ ಬರುವ ಜೋಡಿ ಕಿಟ್ ಕೇಳಿ, ಪೊಟ್ಟಣವನ್ನು ನಿಮ್ಮ ಎದುರಿಗೇ ತೆರೆಸಿ.

ಇಂಟೆಲ್ ಕಡೆಗೆ ಹೋಗುವವರು ಇನ್ನೊಂದು ವಿಷಯ ನೋಡಬೇಕು. ಎಚ್610, ಬಿ660 ಬೋರ್ಡುಗಳು ಡಿಡಿಆರ್4ಕ್ಕೂ ಡಿಡಿಆರ್5ಕ್ಕೂ ಬೇರೆ ಬೇರೆಯಾಗಿ ಬರುತ್ತವೆ, ಹೆಸರಿನ ಕೊನೆಯ ಕೆಲವು ಅಕ್ಷರ ಮಾತ್ರ ವ್ಯತ್ಯಾಸ. ಎರಡಕ್ಕೂ 288 ಪಿನ್‌ಗಳೇ ಇದ್ದರೂ ನಡುವಿನ ಕಚ್ಚು ಬೇರೆ ಜಾಗದಲ್ಲಿರುವುದರಿಂದ ಒಂದು ಇನ್ನೊಂದರಲ್ಲಿ ಕೂರುವುದಿಲ್ಲ. ಒತ್ತಿ ಕೂರಿಸಲು ಹೋದರೆ ಸ್ಲಾಟ್ ಮುರಿಯುತ್ತದೆ. ಸರ್ವರ್‌ಗಳಿಂದ ತೆಗೆದ ‘ರಿಜಿಸ್ಟರ್ಡ್’ ರ‍್ಯಾಮ್ ಅಗ್ಗಕ್ಕೆ ಸಿಕ್ಕರೂ ಮನೆಯ ಸಾಮಾನ್ಯ ಬೋರ್ಡುಗಳಲ್ಲಿ ಅದು ಕೆಲಸ ಮಾಡುವುದಿಲ್ಲ.

ಹಣ ಕೊಡುವ ಮೊದಲು ಸಿಪಿಯು-ಝಡ್ ಪುಟದಲ್ಲಿ ಎರಡೂ ಸ್ಲಾಟುಗಳ ವಿವರವನ್ನು ತೋರಿಸಲು ಹೇಳಿ, ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ, ಬಿಲ್ಲಿನಲ್ಲಿ ಎರಡೂ ಸೀರಿಯಲ್ ನಂಬರ್ ಬರೆಸಿ. ಬರೆಯಲು ಒಪ್ಪದ ಅಂಗಡಿಯಲ್ಲಿ ರ‍್ಯಾಮ್ ಕೊಳ್ಳಬೇಡಿ. ಮನೆಗೆ ತಂದ ರಾತ್ರಿಯೇ ಮೆಮ್‌ಟೆಸ್ಟ್86 ಹಾಕಿ ಪೂರ್ತಿ ಓಡಲು ಬಿಡಿ. ಕಂಪನಿ ಹೇಳಿದ ವೇಗದಲ್ಲಿ ಒಂದೇ ಒಂದು ದೋಷ ಕಂಡರೂ ಬದಲಿಸಿಕೊಡುವ ಅವಧಿ ಮುಗಿಯುವುದರೊಳಗೆ ವಾಪಸ್ ಕೊಡಿ.