ಹೋಲ್ಗಾನಾ, ಡಯಾನಾನಾ?

ಆಟಿಕೆ ಕ್ಯಾಮೆರಾದಲ್ಲಿ, ಅಂದರೆ ಸರಳವಾದ ಪ್ಲಾಸ್ಟಿಕ್ ಫಿಲ್ಮ್ ಕ್ಯಾಮೆರಾದಲ್ಲಿ, ನಿಮ್ಮದೇ ಒಂದು ಚಿತ್ರಸರಣಿ ಮಾಡಬೇಕು ಅಂತಿದ್ದೀರಾ? ಆಯ್ಕೆ ಹೆಚ್ಚಾಗಿ ಹೋಲ್ಗಾ, ಡಯಾನಾ ಎಂಬ ಈ ಎರಡರ ನಡುವೆಯೇ. ಎರಡೂ ಹಾಂಗ್‌ಕಾಂಗ್‌ನಲ್ಲಿ ಹುಟ್ಟಿದವು, ಎರಡಕ್ಕೂ 120 ಎಂಬ ಅಗಲ ರೋಲ್ ಫಿಲ್ಮ್ ಬೇಕು. ಡಯಾನಾ 1960ರ ದಶಕದ್ದು; ಡಯಾನಾ ಎಫ್ ಪ್ಲಸ್ ಎಂಬುದು ಲೋಮೋಗ್ರಫಿ ಕಂಪನಿ 2007ರಲ್ಲಿ ತಂದ ಅದರ ಹೊಸ ರೂಪ. ಹೋಲ್ಗಾ 1980ರ ದಶಕದ್ದು.

ಹೋಲ್ಗಾದ 60 ಮಿ.ಮೀ. ಲೆನ್ಸ್‌ಗೆ ನೋಟ ಅಗಲ. ನಡುವೆ ಚಿತ್ರ ಸ್ಪಷ್ಟ, ಅಂಚಿನಲ್ಲಿ ಮಸುಕು, ಮೂಲೆಗಳಲ್ಲಿ ಕತ್ತಲು. ಸಂತೆ, ಜಾತ್ರೆಗೆ ಇದೇ ಸರಿ. ಆದರೆ ಹಿಂಬದಿ ಮುಚ್ಚಳಕ್ಕೆ ಕಪ್ಪು ಟೇಪ್ ಅಂಟಿಸಿ, ಇಲ್ಲವಾದರೆ ಬೆಳಕು ನುಗ್ಗುತ್ತದೆ. ಹಳೆಯದು ಕೊಂಡರೆ, ಒಳಬರುವ ಬೆಳಕನ್ನು ಹೆಚ್ಚು-ಕಡಿಮೆ ಮಾಡಬೇಕಾದ ಬಿಸಿಲು-ಮೋಡದ ಸ್ವಿಚ್ ನಂಬಬೇಡಿ. ಹಲವು ಹಳೆಯ ಹೋಲ್ಗಾಗಳಲ್ಲಿ ಅದು ಸುಮ್ನೆ ಅಲಂಕಾರಕ್ಕೆ!

ಡಯಾನಾ ಎಫ್ ಪ್ಲಸ್‌ನದು 75 ಮಿ.ಮೀ. ಲೆನ್ಸ್. ಮಸುಕು ಇನ್ನೂ ಜಾಸ್ತಿ. ಲೆನ್ಸ್ ಬಿಚ್ಚಿದರೆ ಪಿನ್‌ಹೋಲ್ (ಲೆನ್ಸ್ ಬದಲು ಸಣ್ಣ ತೂತಿನಿಂದ ಚಿತ್ರ ತೆಗೆಯುವ) ಕ್ಯಾಮೆರಾ ಆಗುತ್ತದೆ, ಬೇರೆ ಲೆನ್ಸ್‌ಗಳನ್ನೂ ಹಾಕಬಹುದು. ಪ್ರಯೋಗದ ಹುಚ್ಚಿದ್ದವರಿಗೆ ಇದು.

ಎರಡರಲ್ಲೂ ಫಿಲ್ಮ್ ಸುತ್ತದೆಯೇ ಮತ್ತೆ ಕ್ಲಿಕ್ಕಿಸಬಹುದು. ಒಂದರ ಮೇಲೊಂದು ಚಿತ್ರ ಬೀಳುವ ಮಜಾ ಯಾವುದರಲ್ಲೂ ತಪ್ಪದು.

6×6 ಸೆಂ.ಮೀ. ಚೌಕ ಅಳತೆಯಲ್ಲಿ ರೋಲಿಗೆ 12 ಚಿತ್ರ ಮಾತ್ರ. ಫಿಲ್ಮ್, ತೊಳೆಸುವ ಖರ್ಚು ಎರಡಕ್ಕೂ ಒಂದೇ ಅಲ್ವಾ? ಮೊದಲ ಸಲವಾದರೆ ಹೋಲ್ಗಾ ತಗೊಳ್ಳಿ, ಐಎಸ್‌ಒ 400 ಫಿಲ್ಮ್ (ಕಡಿಮೆ ಬೆಳಕಿಗೂ ಸ್ಪಂದಿಸುವಂಥದ್ದು) ಹಾಕಿ.