ಮಗುವಿನ ರಬ್ಬರ್ ಶೀಟೋ, ಲೇಟೆಕ್ಸ್ ಹಾಳೆಯೋ? ಮನೆಯಲ್ಲಿ ಮಾಡಿದ ಎರಡು ಹಳೇ ಕಾಲದ ಡ್ರೈಸೂಟ್‌ಗಳು

ಜನವರಿಯ ಬೆಳಗ್ಗೆ ಆರೂವರೆಗೆ, ಚಾವಣಿ ಇಲ್ಲದ ಈಜುಕೊಳದ ಮೆಟ್ಟಿಲಿಗೆ ಬಂದು ನಾನು ಮೊದಲು ಮಾಡಿದ್ದು ಸೂಟಿನೊಳಗಿನ ಸ್ವೆಟರ್ ಬಿಚ್ಚಿ ತಕ್ಕಡಿಗೆ ಹಾಕಿದ್ದು. ನೀರಿಗಿಳಿಯುವ ಮುಂಚೆ 410 ಗ್ರಾಂ ಇತ್ತು. ಇಪ್ಪತ್ತು ನಿಮಿಷ ಕಳೆದು 1,050 ಗ್ರಾಂ. ಅಂದರೆ ಮೊದಲ ಸೂಟು 640 ಗ್ರಾಂ ನೀರನ್ನು ಒಳಗೆ ಬಿಟ್ಟುಕೊಂಡಿತ್ತು. ಮುಂದಿನ ಭಾನುವಾರ ಅದೇ ಸ್ವೆಟರ್, ಅದೇ ಕೊಳ, ಅಷ್ಟೇ ಹೊತ್ತು, ಎರಡನೇ ಸೂಟು. ಏರಿದ ತೂಕ 90 ಗ್ರಾಂ. ಈ ಎರಡು ಅಂಕಿಗಳ ನಡುವೆ ನನ್ನ ಎಂಟು ತಿಂಗಳ ಶನಿವಾರ, ಭಾನುವಾರಗಳಿವೆ.

ಡ್ರೈಸೂಟ್ ಅಂದರೆ ಕತ್ತು, ಮಣಿಕಟ್ಟು, ಪಾದದ ಹತ್ತಿರ ಬಿಗಿಯಾಗಿ ಮುಚ್ಚಿಕೊಂಡು ಮೈಯನ್ನು ಒಣಗಿರುವಂತೆ ಇಡುವ ಉಡುಪು. ವೆಟ್‌ಸೂಟ್ ಬೇರೆ. ಅದರಲ್ಲಿ ಮೈ ಒದ್ದೆಯಾಗುತ್ತದೆ, ಬೆಚ್ಚಗಿಡುವ ಕೆಲಸ ಗುಳ್ಳೆಗಳು ತುಂಬಿದ ನಿಯೋಪ್ರೀನ್ ಎಂಬ ಕೃತಕ ರಬ್ಬರಿನದು. 1952ರಲ್ಲಿ ಅಮೆರಿಕದ ಬರ್ಕ್ಲಿಯ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ ವೆಟ್‌ಸೂಟನ್ನು ರೂಪಿಸುವವರೆಗೆ ತಣ್ಣೀರಿಗಿಳಿಯುವವರಿಗೆ ತೆಳು ರಬ್ಬರ್ ಸೂಟೇ ಗತಿಯಾಗಿತ್ತು. ಹೊರಗೆ ರಬ್ಬರ್, ಒಳಗೆ ಉಣ್ಣೆ. ಜಿಪ್ ಇಲ್ಲ, ಗಾಳಿ ತುಂಬುವ ವಾಲ್ವ್ ಇಲ್ಲ. 1941ರ ಡಿಸೆಂಬರ್‌ನಲ್ಲಿ ಅಲೆಕ್ಸಾಂಡ್ರಿಯಾ ಬಂದರಿಗೆ ನುಗ್ಗಿ ಬ್ರಿಟನ್ನಿನ ಕ್ವೀನ್ ಎಲಿಜಬೆತ್, ವೇಲಿಯಂಟ್ ಯುದ್ಧನೌಕೆಗಳ ತಳಕ್ಕೆ ಸ್ಫೋಟಕ ಇಟ್ಟ ಇಟಲಿಯ ಮುಳುಗುಗಾರರು ತೊಟ್ಟಿದ್ದು ಇಂಥದನ್ನೇ. ಬ್ರಿಟಿಷರೂ ತಮ್ಮವರಿಗಾಗಿ ಸ್ಲೇಡನ್ ಸೂಟ್ ಮಾಡಿಕೊಂಡರು. ತೊಟ್ಟವರು ಅದಕ್ಕೆ 'ತಣ್ಣನೆಯ ಅಂಟಂಟು ಸಾವು' ಅನ್ನುವ ಅರ್ಥದ ಅಡ್ಡಹೆಸರಿಟ್ಟಿದ್ದರು. ನಾನು ಅದನ್ನು ತೊಟ್ಟಿಲ್ಲ. ಆದರೆ ಒಳಗೆ 640 ಗ್ರಾಂ ನೀರು ಹೊತ್ತು ನಿಂತ ಬೆಳಗ್ಗೆ ಆ ಹೆಸರು ಯಾಕೆ ಬಂತೆಂದು ಚೆನ್ನಾಗಿ ಅರ್ಥವಾಯಿತು.

ನೇತ್ರಾಣಿಯ ಬೆಚ್ಚನೆ ಸಮುದ್ರಕ್ಕೆ ಡ್ರೈಸೂಟ್ ಬೇಕಿಲ್ಲ, ಗೊತ್ತಿದೆ. ನನಗೆ ಬೇಕಿದ್ದದ್ದು ಬೇರೆ. ಬರೀ ರಬ್ಬರು, ಅಂಟು, ಕೈಕೆಲಸ, ಇಷ್ಟರಿಂದ ಮನುಷ್ಯರು ನೀರನ್ನು ಹೊರಗಿಟ್ಟರಲ್ಲ, ಅದು ಹೇಗೆಂದು ನನ್ನ ಕೈಯಿಂದಲೇ ಮಾಡಿ ತಿಳಿಯಬೇಕಿತ್ತು. ಜೊತೆಗೆ ಮಾಗಡಿ ರಸ್ತೆಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿರುವ ಚಿಕ್ಕಪ್ಪ ಇದ್ದರು. ರಬ್ಬರಿಗೆ ರಬ್ಬರ್ ಅಂಟಿಸುವುದು ಅವರಿಗೆ ಮೂವತ್ತು ವರ್ಷದ ಕಸುಬು.

ಮೊದಲ ಸೂಟಿಗೆ ಆರಿಸಿಕೊಂಡದ್ದು ನಮ್ಮೆಲ್ಲರ ಮನೆಯಲ್ಲೂ ಕೂಸಿನ ಕೆಳಗೆ ಹಾಸುವ ಕೆಂಪು ರಬ್ಬರ್ ಶೀಟು. ವಿಕ್ಟೋರಿಯಾ ಆಸ್ಪತ್ರೆಯ ಸುತ್ತಮುತ್ತಲಿನ ಸರ್ಜಿಕಲ್ ಅಂಗಡಿಗಳಲ್ಲಿ ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ, ನರ್ಸ್‌ಗಳು ಅದನ್ನು ಮ್ಯಾಕಿಂಟಾಶ್ ಅಂತಲೇ ಕರೆಯುತ್ತಾರೆ. ಆ ಹೆಸರಿನ ಹಿಂದೆ ಚಾರ್ಲ್ಸ್ ಮ್ಯಾಕಿಂಟಾಶ್ ಇದ್ದಾನೆ. ನ್ಯಾಫ್ತಾ ಎಂಬ ದ್ರಾವಕದಲ್ಲಿ ಕರಗಿಸಿದ ರಬ್ಬರನ್ನು ಎರಡು ಬಟ್ಟೆಗಳ ನಡುವೆ ಹರಡಿ ನೀರು ಇಳಿಯದ ಬಟ್ಟೆ ಮಾಡಿ 1823ರಲ್ಲಿ ಪೇಟೆಂಟ್ ಪಡೆದವನು. ತಾಮ್ರದ ಹೆಲ್ಮೆಟ್ ತೊಟ್ಟು ಇಳಿಯುತ್ತಿದ್ದ ಹಳೇ ಮುಳುಗುಗಾರರ ದಪ್ಪ ಉಡುಪೂ ಹೀಗೆ ಬಟ್ಟೆಯ ನಡುವೆ ರಬ್ಬರ್ ಸೇರಿಸಿದ್ದೇ. ಹಾಗಾಗಿ ಹಳೇ ಕಾಲಕ್ಕೆ ಹತ್ತಿರದ ದಾರಿ ಇದೇ ಅಂದುಕೊಂಡೆ. ನೋಡಲು ನಿಜಕ್ಕೂ ಚೆಂದ. ಕೆಂಪು ಮೈ, ಕಪ್ಪು ಟ್ಯೂಬಿನ ಅಂಚು, ತೊಟ್ಟರೆ ಒಂದು ಗಾಂಭೀರ್ಯ. ಇವತ್ತಿಗೂ ಎರಡರಲ್ಲಿ ಕಣ್ಣಿಗೆ ಹಿಡಿಸುವುದು ಅದೇ.

ತೊಂದರೆ ಏನೆಂದರೆ ಈ ಶೀಟು ಹಿಗ್ಗುವುದಿಲ್ಲ. ಹಿಗ್ಗದ ಬಟ್ಟೆಯಲ್ಲಿ ಕೈ ಎತ್ತಬೇಕು, ಕುಕ್ಕುರುಗಾಲಲ್ಲಿ ಕೂರಬೇಕು ಅಂದರೆ ಅಳತೆಗಿಂತ ಬಹಳ ಸಡಿಲ ಬಿಡಬೇಕು, ಕಂಕುಳಿಗೂ ತೊಡೆಸಂದಿಗೂ ಒಂದೊಂದು ಹೆಚ್ಚುವರಿ ಚೌಕ ತುಂಡು ಕೂಡಿಸಬೇಕು. ಹಳೇ ಸಲ್ವಾರನ್ನು ಬಿಚ್ಚಿ ಮಾದರಿ ಮಾಡಿಕೊಂಡೆ. ತುಂಡು ಹೆಚ್ಚಿದಷ್ಟೂ ಜೋಡಣೆ ಹೆಚ್ಚು, ಜೋಡಣೆ ಹೆಚ್ಚಿದಷ್ಟೂ ಸೋರುವ ಜಾಗ ಹೆಚ್ಚು. ಮೇಲಾಗಿ ಇದನ್ನು ಹೊಲಿಯಲೇಬೇಕು, ಸೂಜಿ ಹೋದಲ್ಲೆಲ್ಲ ತೂತು. ಒಳಗಿನಿಂದ ಎರಡು ಇಂಚಿನ ಪಟ್ಟಿ ಅಂಟಿಸಿ ಮುಚ್ಚಿದೆ. ನೇರ ಹೊಲಿಗೆಯಲ್ಲಿ ಪಟ್ಟಿ ಚೆನ್ನಾಗಿ ಕೂತಿತು. ನಾಲ್ಕು ಹೊಲಿಗೆ ಸೇರುವ ಕಂಕುಳ ಮೂಲೆಯಲ್ಲಿ ಮಾತ್ರ ಎಷ್ಟು ಒತ್ತಿದರೂ ಸುಕ್ಕು. ಆ ಸುಕ್ಕಿನೊಳಗೇ ನೀರಿಗೆ ದಾರಿ.

ಎರಡನೆಯದಕ್ಕೆ 0.8 ಮಿ.ಮೀ. ದಪ್ಪದ ಲೇಟೆಕ್ಸ್ ಹಾಳೆ, ಅಂದರೆ ಬಟ್ಟೆ ಸೇರಿಸದ, ಚೆನ್ನಾಗಿ ಹಿಗ್ಗುವ ಬರೀ ರಬ್ಬರ್. ನಾನು ತಿರುಗಿದ ಎಸ್‌.ಜೆ.ಪಿ. ರಸ್ತೆಯ ಅಂಗಡಿಗಳಲ್ಲಿ ಗ್ಯಾಸ್ಕೆಟ್ಟಿಗೆ ಬಳಸುವ ದಪ್ಪ ಕರಿ ರಬ್ಬರ್ ರಾಶಿ ರಾಶಿ ಇತ್ತು, ತೆಳು ಲೇಟೆಕ್ಸ್ ಇರಲಿಲ್ಲ. ಕೊನೆಗೆ ಕೇರಳದಿಂದ ಪಾರ್ಸೆಲ್ ತರಿಸಿದೆ. ಶೀಟಿನ ಸೂಟಿಗೆ ಎಲ್ಲ ಸೇರಿ 2,600 ರೂಪಾಯಿ ಆಗಿದ್ದರೆ ಇದಕ್ಕೆ 9,000 ದಾಟಿತು. ಆದರೆ ಇದರಲ್ಲಿ ಒಂದು ಸೂಜಿ ತೂತೂ ಇಲ್ಲ. ಅಂಚಿನ ಮೇಲೆ ಅಂಚು ಒಂದೂವರೆ ಸೆಂಟಿಮೀಟರ್ ಹೊದೆಸಿ ಅಂಟಿಸಿದರೆ ಮುಗಿಯಿತು. ಮೈಗೆ ತಕ್ಕಂತೆ ಹಿಗ್ಗುವುದರಿಂದ ಕಂಕುಳ ಚೌಕವೂ ಬೇಡ. ಕೈಗೆರಡು, ಕಾಲಿಗೆರಡು, ಎದೆಗೊಂದು, ಬೆನ್ನಿಗೊಂದು, ಆರೇ ತುಂಡು.

ಅಂಟಿನ ವಿಷಯದಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಸೂಟು ಉಳಿಯುವುದೂ ಸೋರುವುದೂ ಇಲ್ಲೇ. ರೆಕ್ಸಿನ್ ಅಂಗಡಿಗಳಲ್ಲಿ ಡಬ್ಬದಲ್ಲಿ ಸಿಗುವ ಹಳದಿ ಕಾಂಟ್ಯಾಕ್ಟ್ ಅಂಟು ಶೀಟಿಗೆ ಬಲವಾಗಿ ಹಿಡಿಯಿತು. ಅದನ್ನೇ ಲೇಟೆಕ್ಸಿಗೆ ಹಚ್ಚಿದಾಗ ಜೋಡಣೆ ಒಂದು ಗಟ್ಟಿ ಗೆರೆಯಾಯಿತು. ಸುತ್ತಲಿನ ರಬ್ಬರ್ ಹಿಗ್ಗುತ್ತದೆ, ಆ ಗೆರೆ ಹಿಗ್ಗುವುದಿಲ್ಲ, ನಾಲ್ಕು ಸಲ ಎಳೆದರೆ ಅಂಚು ಎದ್ದು ಬರುತ್ತದೆ. ಪಂಕ್ಚರ್ ಸೊಲ್ಯೂಷನ್ ಒಣಗಿದ ಮೇಲೂ ರಬ್ಬರಿನ ಹಾಗೇ ಮೆತ್ತಗಿರುತ್ತದೆ, ಜೋಡಣೆಯೂ ಜೊತೆಗೇ ಹಿಗ್ಗುತ್ತದೆ. ಲೇಟೆಕ್ಸಿಗೆ ಅದನ್ನು ಬಿಟ್ಟು ಬೇರೆ ಯೋಚನೆಯೇ ಬೇಡ.

ಆದರೂ ಮೊದಲ ತೋಳು ಹಾಳಾಯಿತು. ಸೊಲ್ಯೂಷನ್ ಹಚ್ಚಿದ ಕೂಡಲೇ ಅದರಲ್ಲಿನ ದ್ರಾವಕ ಕುಡಿದು ಹಾಳೆಯ ಅಂಚು ಹಪ್ಪಳದ ಹಾಗೆ ಸುರುಳಿ ಸುತ್ತಿಕೊಳ್ಳುತ್ತದೆ. ಗಾಬರಿಯಲ್ಲಿ ಹಸಿ ಇರುವಾಗಲೇ ಒತ್ತಿಬಿಟ್ಟೆ, ಒಳಗೆಲ್ಲ ಗುಳ್ಳೆ. ಚಿಕ್ಕಪ್ಪ ಬಂದು ನೋಡಿ, "ಯಾಕಮ್ಮ ಅವಸರ? ಹಚ್ಚಿದ್ಮೇಲೆ ಕಾಯ್ಬೇಕು. ತಾನೇ ಮಲಗುತ್ತೆ ಅಂಚು. ಬೆರಳಿಟ್ರೆ ಅಂಟ್ಬಾರ್ದು, ಎಳೀಬೇಕು, ಅಷ್ಟಾದ್ಮೇಲೆ ಮುಟ್ಟು" ಅಂದರು. ಅವರು ಹೇಳಿದ ಹಾಗೇ ಎರಡೂ ಬದಿಗೆ ತೆಳುವಾಗಿ ಹಚ್ಚಿ ಹತ್ತು ಹದಿನೈದು ನಿಮಿಷ ಬಿಟ್ಟೆ. ಸುರುಳಿ ಮತ್ತೆ ಬಿಚ್ಚಿಕೊಂಡು ಚಪ್ಪಟೆಯಾಯಿತು. ಆಮೇಲೆ ಅಂಚಿಗೆ ಅಂಚು ಕೂಡಿಸಿ ಲಟ್ಟಣಿಗೆಯಿಂದ ಉಜ್ಜಿದರೆ ಗುಳ್ಳೆಯ ಸುಳಿವಿಲ್ಲ. ಇಷ್ಟನ್ನೂ ತಾರಸಿಯ ಮೇಲೆ, ಗಾಳಿ ಆಡುವ ಜಾಗದಲ್ಲೇ ಮಾಡಬೇಕು. ಆ ಆವಿ ತಲೆ ಸುತ್ತಿಸುತ್ತದೆ, ಬೆಂಕಿ ಸೋಕಿದರೆ ಹೊತ್ತಿಕೊಳ್ಳುತ್ತದೆ. ಅಡುಗೆಮನೆಯ ಹತ್ತಿರ ಖಂಡಿತ ಬೇಡ.

ನಡುವೆ ರೇನ್‌ಕೋಟಿನ ಪಿ.ವಿ.ಸಿ. ಬಟ್ಟೆಯಲ್ಲೂ ಒಂದು ಕಾಲು ಮಾಡಿ ನೋಡಿದೆ. ಸೊಲ್ಯೂಷನ್ ಹಿಡಿಯಲೇ ಇಲ್ಲ. ಅಲ್ಲಿಗೇ ಬಿಟ್ಟೆ.

ಇನ್ನು ಸೂಟಿನೊಳಗೆ ಹೊಗುವುದು ಹೇಗೆ? ಜಿಪ್ ಇಲ್ಲದ ಕಾಲದಲ್ಲಿ ಇದಕ್ಕೆ ಎರಡು ಮುಖ್ಯ ಉತ್ತರಗಳಿದ್ದವು. ಒಂದು ಕತ್ತಿನ ದಾರಿ. ಸೂಟಿನ ಕಾಲರನ್ನೇ ಹಿಗ್ಗಿಸಿ ಇಡೀ ಮೈ ಅದರೊಳಗೆ ಇಳಿಯಬೇಕು, ಆಮೇಲೆ ಕತ್ತಿನ ಸುತ್ತ ಒಂದು ಬಳೆ ಇಟ್ಟು ಕಾಲರನ್ನೂ ಬೇರೆಯಾಗಿರುವ ಕತ್ತಿನ ಸೀಲನ್ನೂ (ನೀರು ನುಗ್ಗದಂತೆ ಚರ್ಮಕ್ಕೆ ಅಂಟಿ ಕೂರುವ ರಬ್ಬರ್ ಪಟ್ಟಿ) ಅದರ ಮೇಲೆ ಎಳೆದು ಬಿಗಿಯಬೇಕು. ಇನ್ನೊಂದು ಸೊಂಟದ ದಾರಿ. ಅಂಗಿ ಬೇರೆ, ಪ್ಯಾಂಟ್ ಬೇರೆ. ಎರಡಕ್ಕೂ ಉದ್ದನೆಯ ರಬ್ಬರ್ ಸೆರಗು ಇರುತ್ತದೆ, ಒಂದರ ಮೇಲೊಂದು ಹಾಕಿ ಚಾಪೆ ಸುತ್ತಿದ ಹಾಗೆ ಸುತ್ತಿ ಮೇಲೆ ರಬ್ಬರ್ ಪಟ್ಟಿ ಬಿಗಿಯಬೇಕು.

ಹಿಗ್ಗದ ಶೀಟಿಗೆ ಕತ್ತಿನ ದಾರಿ ಸಾಧ್ಯವೇ ಇಲ್ಲ, ಅದಕ್ಕೆ ಲೇಟೆಕ್ಸ್ ಸೆರಗು ಕೂಡಿಸಿ ಸೊಂಟದ ದಾರಿ ಮಾಡಿದೆ. ಲೇಟೆಕ್ಸ್ ಸೂಟನ್ನು ಕತ್ತಿನ ದಾರಿಯಲ್ಲೇ ಶುರು ಮಾಡಿದೆ, ಸೊಂಟದಲ್ಲಿ ಜೋಡಣೆಯೇ ಇಲ್ಲದಿದ್ದರೆ ಸೋರುವ ಮಾತೆಲ್ಲಿ ಅಂತ. ಬಳೆಗೆ ಪಿ.ವಿ.ಸಿ. ಪೈಪಿನ ತುಂಡು. 160 ಮಿ.ಮೀ. ಪೈಪ್ ತಂದರೆ ಅದರ ಒಳಸುತ್ತು 50 ಸೆಂಟಿಮೀಟರೂ ಇಲ್ಲ, ನನ್ನ ತಲೆಯ ಸುತ್ತಳತೆ 56. 200 ಮಿ.ಮೀ. ಪೈಪಿನಲ್ಲಿ ಸರಿಹೋಯಿತು. ಸೊಂಟದ ಕೆಳಗೆ ನನ್ನ ಅಳತೆ 98, ಕಾಲರ್ 60. ಅಮ್ಮ ಒಂದು ಕಡೆ, ಅಕ್ಕ ಒಂದು ಕಡೆ ಕಾಲರ್ ಎಳೆದು ಹಿಡಿದು ನಾನು ಇಳಿಯಬೇಕಾದರೆ ಇಪ್ಪತ್ತೈದು ನಿಮಿಷ. ಒಣಗಿ ಬಂದೆ, ಅದು ನಿಜ. ಆದರೆ ಒಬ್ಬಳೇ ತೊಡಲಾಗದ, ಅದಕ್ಕಿಂತ ಮುಖ್ಯವಾಗಿ ತುರ್ತಿನಲ್ಲಿ ಒಬ್ಬಳೇ ಬಿಚ್ಚಲಾಗದ ಉಡುಪಿನಲ್ಲಿ ನೀರಿಗಿಳಿಯುವುದು ನನಗೆ ಒಪ್ಪಿಗೆಯಾಗಲಿಲ್ಲ. ಎರಡು ದಿನ ಯೋಚಿಸಿ, ಅಷ್ಟು ಕಷ್ಟಪಟ್ಟು ಅಂಟಿಸಿದ್ದನ್ನು ಸೊಂಟಕ್ಕೆ ಸರಿಯಾಗಿ ಕತ್ತರಿಸಿದೆ. ಕತ್ತರಿ ಹಿಡಿದಾಗ ಕೈ ನಡುಗಿತು. ಎರಡು ಸೆರಗು ಕೂಡಿಸಿದ ಮೇಲೆ ಈಗ ಆರು ನಿಮಿಷದಲ್ಲಿ ನಾನೇ ತೊಡುತ್ತೇನೆ. ಸೆರಗನ್ನು ಕನಿಷ್ಠ ನಾಲ್ಕು ಸುತ್ತು ಸುತ್ತಬೇಕು, ಒಳಗಿನ ಸ್ವೆಟರಿನ ಒಂದು ಎಳೆಯೂ ನಡುವೆ ಸಿಕ್ಕಿಕೊಳ್ಳಬಾರದು. ಸಿಕ್ಕಿದರೆ ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಆ ಎಳೆ ನೀರು ಎಳೆಯುತ್ತದೆ. ಮೊದಲೇ ಹೇಳಿದ 90 ಗ್ರಾಂ ಈ ಕತ್ತರಿಸಿದ ಸೂಟಿನದೇ. ಅದರಲ್ಲೂ ಬಹುಪಾಲು ಬೆವರೇ ಇರಬೇಕು. ರಬ್ಬರಿನೊಳಗಿಂದ ಬೆವರು ಆರುವುದಿಲ್ಲ.

ಸೀಲುಗಳ ಹೋಲಿಕೆಯಲ್ಲಿ ಅನುಮಾನಕ್ಕೆ ಎಡೆಯೇ ಇಲ್ಲ. ಶೀಟಿನ ಸೂಟಿನ ಮಣಿಕಟ್ಟಿಗೆ ಸ್ಕೂಟರ್ ಟ್ಯೂಬ್ ಹಾಕಿದ್ದೆ. ಟ್ಯೂಬು ದಪ್ಪ. ಮುಷ್ಟಿ ಹಿಡಿದರೆ ಮಣಿಕಟ್ಟಿನಲ್ಲಿ ಎರಡು ನರ ಎದ್ದು ನಡುವೆ ಕಾಲುವೆಯಂತೆ ತಗ್ಗು ಬೀಳುತ್ತದಲ್ಲ, ಆ ತಗ್ಗಿಗೆ ದಪ್ಪ ಟ್ಯೂಬ್ ಇಳಿದು ಕೂರುವುದಿಲ್ಲ. ಲೇಟೆಕ್ಸ್ ಸೂಟಿಗೆ ಫಿಸಿಯೋಥೆರಪಿಯವರು ವ್ಯಾಯಾಮಕ್ಕೆ ಕೊಡುವ ತೆಳು ರಬ್ಬರ್ ಪಟ್ಟಿಯಿಂದ ಆಲಿಕೆಯ ಆಕಾರದ ಸೀಲು ಮಾಡಿದೆ. ಅದು ಚರ್ಮದ ಹಾಗೇ ಕೂರುತ್ತದೆ. ಕತ್ತಿನ ಸೀಲನ್ನು ಮಾತ್ರ ಬಿಗಿ ಮಾಡಲು ಹೋಗಬೇಡಿ. ಕತ್ತಿನ ಪಕ್ಕದ ರಕ್ತನಾಳ ಒತ್ತಿದರೆ ತಲೆ ತಿರುಗಿ ಪ್ರಜ್ಞೆಯೇ ತಪ್ಪಬಹುದು. ನನ್ನ ಕತ್ತು 33 ಸೆಂಟಿಮೀಟರ್, ಸೀಲಿನ ಬಾಯಿ 29. ಒಂದೊಂದೇ ಬೆರಳಗಲ ಕತ್ತರಿಸುತ್ತ, ಮನೆಯಲ್ಲಿ ಅರ್ಧ ಗಂಟೆ ತೊಟ್ಟು ಕೂತು ನೋಡಿ ಈ ಅಳತೆಗೆ ಬಂದೆ. ನನ್ನ ಮೊದಲ ಕತ್ತಿನ ಸೀಲು ಹಾಳಾಗಿದ್ದು ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆಯಿಂದ. ಎಣ್ಣೆ ತಾಗಿದ ಲೇಟೆಕ್ಸ್ ಊದಿ ಮೆತ್ತಗಾಗಿ ಮೂರೇ ವಾರದಲ್ಲಿ ಹರಿಯಿತು. ಈಗ ಸೂಟು ತೊಡುವ ಹಿಂದಿನ ದಿನವೇ ತಲೆಗೆ ಸ್ನಾನ. ಸೀಲು ಹರಿಯದಂತೆ ಕೈಬಳೆ, ಸರ, ಉದ್ದ ಉಗುರು ಯಾವುದೂ ಇಲ್ಲ.

ಸೋರಿಕೆ ಹುಡುಕಿದ್ದು ಚಿಕ್ಕಪ್ಪನ ಅಂಗಡಿಯ ಪದ್ಧತಿಯಲ್ಲೇ. ಮಣಿಕಟ್ಟಿಗೆ ನೀರಿನ ಬಾಟಲಿ, ಕತ್ತಿಗೆ ಅಡುಗೆಮನೆಯ ಸ್ಟೀಲ್ ಡಬ್ಬ ತುರುಕಿ, ಪಂಪಿನಿಂದ ಗಾಳಿ ಹೊಡೆದು ಸೋಪಿನ ನೀರು ಬಳಿದೆವು. ಲೇಟೆಕ್ಸಿನಲ್ಲಿ ಒಂದೇ ಕಡೆ ಗುಳ್ಳೆ ಬಂತು, ಐದು ನಿಮಿಷದಲ್ಲಿ ತೇಪೆ ಹಾಕಿದೆ. ಶೀಟಿನ ಸೂಟಿನಲ್ಲಿ ಎಡ ಕಂಕುಳಿಂದ ನೊರೆಯೇ ಬಂತು. ಅದನ್ನು ಮೂರು ಸಲ ಮುಚ್ಚಿದ ಮೇಲೂ ಸಿಕ್ಕಿದ ಫಲವೇ ಆ 640 ಗ್ರಾಂ.

ನೀರಿನಲ್ಲಿ ನನಗೆ ಕಂಡ ಇನ್ನೊಂದು ವ್ಯತ್ಯಾಸ ಒತ್ತಡದ್ದು. ಹತ್ತು ಮೀಟರ್ ಆಳದಲ್ಲಿ ಸೂಟಿನೊಳಗಿನ ಗಾಳಿ ಅರ್ಧಕ್ಕೆ ಇಳಿಯುತ್ತದೆ, ಎರಡೂವರೆ ಮೀಟರಿನಲ್ಲೇ ಐದನೇ ಒಂದು ಭಾಗ ಕಡಿಮೆ. ಗಾಳಿ ತುಂಬುವ ವಾಲ್ವ್ ಇಲ್ಲದ್ದರಿಂದ ಆ ಕೊರತೆಯನ್ನು ಸೂಟೇ ಮೈಗೆ ಅಪ್ಪಿಕೊಂಡು ತುಂಬಬೇಕು. ಸಡಿಲ ಶೀಟಿನ ಮಡಿಕೆಗಳು ಗಟ್ಟಿಯಾಗಿ ಮಡಚಿ ಚರ್ಮವನ್ನು ಚಿವುಟಿದವು, ತೊಡೆಯ ಮೇಲೆ ಕೆಂಪು ಬರೆ ಎರಡು ದಿನ ಇತ್ತು. ಲೇಟೆಕ್ಸ್ ಸಮನಾಗಿ ಒತ್ತುತ್ತದೆ, ಅಷ್ಟೇ. ತೇಲಾಟದಲ್ಲೂ ಅದೇ ಕಥೆ. ಮಡಿಕೆಯಲ್ಲಿ ಗಾಳಿ ಉಳಿಯುವ ಶೀಟಿನ ಸೂಟಿನಲ್ಲಿ ಮುಳುಗಲು ಸೊಂಟದ ಬೆಲ್ಟಿಗೆ 8 ಕಿಲೋ ಸೀಸ ಬೇಕಾಯಿತು, ಲೇಟೆಕ್ಸಿಗೆ 5. ಇಳಿಯುವ ಮುಂಚೆ ಕತ್ತಿನವರೆಗೆ ನೀರಲ್ಲಿ ಕೂತು ಸೀಲನ್ನು ಬೆರಳಿಂದ ಎತ್ತಿ ಗಾಳಿ ಬಿಡಬೇಕು. ಉಳಿದ ಗಾಳಿ ಕಾಲಿಗೆ ಹೋದರೆ ತಲೆಕೆಳಗಾಗುತ್ತೀರಿ. ಎರಡು ಭಾನುವಾರವೂ ಡೈವಿಂಗ್ ಕಲಿಸುವ ಗೆಳತಿ ಕೈಯಳತೆಯಲ್ಲೇ ಇದ್ದಳು, ಸೀಸದ ಬೆಲ್ಟು ಒಂದೇ ಎಳೆತಕ್ಕೆ ಕಳಚುವಂಥದ್ದು. ಅವಳಿಲ್ಲದೆ ನಾನು ಮಂಡಿಯುದ್ದ ನೀರಿಗೂ ಇದನ್ನು ತೊಟ್ಟು ಇಳಿದಿಲ್ಲ.

ಬೆಚ್ಚಗಿನ ಮಾತಿಗೆ ಬಂದರೆ ಸೂಟುಗಳ ನಡುವೆ ಭೇದವಿಲ್ಲ. ಗಾಳಿಗಿಂತ ನೀರು ಸುಮಾರು 25 ಪಟ್ಟು ವೇಗವಾಗಿ ಶಾಖ ಸಾಗಿಸುತ್ತದೆ, ತೆಳು ರಬ್ಬರ್ ಅದನ್ನು ತಡೆಯುವುದಿಲ್ಲ. ತಡೆಯುವುದು ಉಣ್ಣೆಯೊಳಗಿನ ಗಾಳಿ, ಅದೂ ಒಣಗಿದ್ದರೆ.

ಹಾಗಾಗಿ ನಾನು ಇಟ್ಟುಕೊಂಡಿದ್ದು ಲೇಟೆಕ್ಸ್ ಸೂಟು, ಸೊಂಟದ ದಾರಿಯದು. ಬಿಸಿಲು ತಾಗಿದರೆ ಲೇಟೆಕ್ಸ್ ಒಡೆದುಹೋಗುವುದರಿಂದ ಟಾಲ್ಕಂ ಪೌಡರ್ ಉದುರಿಸಿ, ದಿಂಬಿನ ಕವರಿನಲ್ಲಿ ಹಾಕಿ ಬೀರುವಿನ ಕತ್ತಲೆಯಲ್ಲಿ ಇಟ್ಟಿದ್ದೇನೆ. ಶೀಟಿನ ಸೂಟು ಒಂದು ಕಡೆ ಇದಕ್ಕಿಂತ ಮೇಲು. ಕೊಳದ ಸಿಮೆಂಟ್ ಅಂಚಿಗೆ ಮಂಡಿ ಉಜ್ಜಿದಾಗ ಕೆಂಪು ಶೀಟಿಗೆ ಗೀರೂ ಬೀಳಲಿಲ್ಲ, ಲೇಟೆಕ್ಸ್ ಎರಡಿಂಚು ಸೀಳಿತು. ಆದ್ದರಿಂದ ಕೆಂಪು ಸೂಟನ್ನು ಬಿಚ್ಚಿ ಅದರ ಗಟ್ಟಿ ತುಂಡುಗಳನ್ನು ಲೇಟೆಕ್ಸಿನ ಮಂಡಿಗೂ ಕೂರುವ ಜಾಗಕ್ಕೂ ಹಚ್ಚುತ್ತಿದ್ದೇನೆ. ಹಿಗ್ಗದ ತುಂಡನ್ನು ಹಿಗ್ಗುವುದರ ಮೇಲೆ ಅಂಟಿಸುವಾಗ ಸೂಟು ತೊಟ್ಟು ಮಂಡಿ ಬಗ್ಗಿಸಿಕೊಂಡೇ ಅಳತೆ ಗುರುತು ಮಾಡಬೇಕು. ಎಡ ಮಂಡಿ ಆಗಿದೆ. ಬಲ ಮಂಡಿಗೆ ಲಟ್ಟಣಿಗೆ ಬೇಡ, ಪ್ಯಾಚ್ ಒತ್ತುವ ತಮ್ಮ ಕಬ್ಬಿಣದ ರೋಲರ್ ತರುತ್ತೇನೆ ಅಂತ ಚಿಕ್ಕಪ್ಪ ಹೇಳಿದ್ದಾರೆ.