ಅನುಮಸ್ತಿಷ್ಕದ ಸಿನ್ಯಾಪ್ಸ್ ಅಧ್ಯಯನಕ್ಕೆ ಯಾವ ವಿಧಾನ? ನಾನು ಮಾಡಿ ನೋಡಿದ ಐದರ ಹೋಲಿಕೆ

ಮೈಸೂರಿನಲ್ಲಿ ನರಕೋಶಗಳ ಮೇಲೆ ಸಂಶೋಧನೆಗೆ ಸೇರುವ ಹುಡುಗ ಹುಡುಗಿಯರು ನನ್ನ ಬಳಿ ಬಂದಾಗ ಕೇಳುವುದು ಹೆಚ್ಚಾಗಿ ಒಂದೇ ಮಾತು: "ಮೇಡಂ, ಸಿನ್ಯಾಪ್ಸ್ ನೋಡಲು ಯಾವ ವಿಧಾನ ಒಳ್ಳೆಯದು?" ಸಿನ್ಯಾಪ್ಸ್ ಎಂದರೆ ಒಂದು ನರಕೋಶ ಇನ್ನೊಂದಕ್ಕೆ ಸಂದೇಶ ದಾಟಿಸುವ ಜಾಗ. ಯಾವ ಸಿನ್ಯಾಪ್ಸ್ ಎಂದು ನಾನು ತಿರುಗಿ ಕೇಳುತ್ತೇನೆ. ಮೆದುಳಿನ ಹಿಂಬದಿಯ ಕೆಳಭಾಗದಲ್ಲಿರುವ ಅನುಮಸ್ತಿಷ್ಕದ ಮಟ್ಟಿಗಂತೂ ಈ ಪ್ರಶ್ನೆಗೆ ಉತ್ತರ ಸಿಗದೆ ಮುಂದಿನ ಹೆಜ್ಜೆ ಇಡಬಾರದು. ಇಲ್ಲಿ ಪ್ರತಿ ವಿಧಾನವೂ ಕೆಲವು ಸಿನ್ಯಾಪ್ಸ್‌ಗಳನ್ನು ಎತ್ತಿ ತೋರಿಸುತ್ತದೆ, ಕೆಲವನ್ನು ಸದ್ದಿಲ್ಲದೆ ಕೈಬಿಡುತ್ತದೆ. ಕೈಬಿಟ್ಟದ್ದು ಯಾವುದೆಂದು ಗೊತ್ತಿಲ್ಲದೆ ಬರೆದ ಪ್ರಬಂಧಗಳನ್ನು ಓದುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಮನುಷ್ಯನ ಮೆದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ ಹತ್ತಿರ ಹತ್ತಿರ 6,900 ಕೋಟಿ ಅನುಮಸ್ತಿಷ್ಕದಲ್ಲೇ ಇವೆ. ಬಹುಪಾಲು ಪುಟಾಣಿ ಗ್ರ್ಯಾನ್ಯೂಲ್ ಕೋಶಗಳು. ಅವುಗಳ ಆಕ್ಸಾನ್‌ಗಳು, ಅಂದರೆ ಸಂದೇಶ ಒಯ್ಯುವ ಎಳೆಗಳು, ಮೇಲಿನ ಪದರಕ್ಕೆ ಏರಿ, ಅಲ್ಲಿ ಎರಡಾಗಿ ಕವಲೊಡೆದು ಪ್ಯಾರಲಲ್ ತಂತುಗಳಾಗುತ್ತವೆ. ಅನುಮಸ್ತಿಷ್ಕದ ದೊಡ್ಡ ನರಕೋಶವಾದ ಪರ್ಕಿಂಜಿ ಕೋಶದ ಡೆಂಡ್ರೈಟ್‌ಗಳು, ಅಂದರೆ ಸಂದೇಶ ಪಡೆಯುವ ಕವಲುಗಳು, ಒಂದೇ ಸಮತಲದಲ್ಲಿ ಚಪ್ಪಟೆಯಾಗಿ ಹರಡಿರುತ್ತವೆ. ಮಂಡ್ಯದ ತೋಟಗಳಲ್ಲಿ ತೆಂಗಿನ ಗರಿಗಳ ನಡುವೆ ವಿದ್ಯುತ್ ತಂತಿ ಹಾದುಹೋಗುವಂತೆ ಈ ತಂತುಗಳು ಅವನ್ನು ಅಡ್ಡಲಾಗಿ ಹಾದು ಹೋಗುತ್ತವೆ. ಒಂದು ಪರ್ಕಿಂಜಿ ಕೋಶಕ್ಕೆ ಇಂಥ ಸಂಪರ್ಕಗಳು ಲಕ್ಷಕ್ಕೂ ಮೇಲೆ. ಅದೇ ಕೋಶಕ್ಕೆ ಮೆದುಳಿನ ಕಾಂಡದ ಇನ್ಫೀರಿಯರ್ ಆಲಿವ್ ಎಂಬ ಭಾಗದಿಂದ ಬರುವ ಕ್ಲೈಂಬಿಂಗ್ ತಂತು ಮಾತ್ರ, ಪ್ರಾಣಿ ಬೆಳೆದ ಮೇಲೆ, ಒಂದೇ ಒಂದು. ಇವೆರಡನ್ನೂ ಒಟ್ಟಿಗೆ ಸೇರಿಸಿ ಸರಾಸರಿ ತೆಗೆದರೆ ಕ್ಲೈಂಬಿಂಗ್ ತಂತುವಿಗೆ ಆದದ್ದೇನೆಂದು ಯಾವತ್ತಿಗೂ ತಿಳಿಯುವುದಿಲ್ಲ.

ಮೊದಲು ಗಾಲ್ಜಿ–ಕಾಕ್ಸ್. ಕ್ಯಾಮಿಲೊ ಗಾಲ್ಜಿ 1873ರಲ್ಲಿ ಪ್ರಕಟಿಸಿದ, ನರಕೋಶಗಳಿಗೆ ಕಪ್ಪು ಬಣ್ಣ ಹತ್ತಿಸುವ ವಿಧಾನದ ತಂಗಿ ಇದು. ಗಾಲ್ಜಿಯ ವಿಧಾನವನ್ನೇ ಹಿಡಿದು ಸ್ಪೇನಿನ ವಿಜ್ಞಾನಿ ಕಾಹಾಲ್ 1888ರಲ್ಲಿ ಹಕ್ಕಿಗಳ ಅನುಮಸ್ತಿಷ್ಕವನ್ನು ನೋಡಿ, ನರಕೋಶಗಳು ಒಂದಕ್ಕೊಂದು ಬೆಸೆದುಕೊಂಡಿಲ್ಲ, ಬಿಡಿಬಿಡಿಯಾಗಿವೆ ಎಂದು ವಾದಿಸಿದ್ದು. ಪೊಟ್ಯಾಷಿಯಂ ಡೈಕ್ರೋಮೇಟ್, ಪೊಟ್ಯಾಷಿಯಂ ಕ್ರೋಮೇಟ್, ಮರ್ಕ್ಯುರಿಕ್ ಕ್ಲೋರೈಡ್ ಬೆರೆಸಿದ ದ್ರಾವಣದಲ್ಲಿ ಮೆದುಳಿನ ತುಂಡನ್ನು ಮುಳುಗಿಸಿ ಕತ್ತಲಲ್ಲಿ ಇಟ್ಟರೆ ಆಯಿತು. ದಸರಾ ರಜೆಗೆ ಮುಂಚೆ ಬೀರುವಿನಲ್ಲಿಟ್ಟು, ರಜೆ ಮುಗಿಸಿ ಬಂದು ತೆಗೆಯಬಹುದು. ವಿದ್ಯುತ್ ಬೇಡ, ದುಬಾರಿ ಯಂತ್ರ ಬೇಡ. ಪಾದರಸದ ಲವಣವಿರುವುದರಿಂದ ಕೈಗವಸು ಮತ್ತು ತ್ಯಾಜ್ಯದ ಪ್ರತ್ಯೇಕ ಡಬ್ಬಿ ಮಾತ್ರ ಕಡ್ಡಾಯ. ಸಿಂಕಿಗೆ ಸುರಿಯುವವರನ್ನು ನಾನು ಪ್ರಯೋಗಾಲಯದಲ್ಲಿ ಇಟ್ಟುಕೊಳ್ಳುವುದಿಲ್ಲ.

ಆಮೇಲೆ ದಪ್ಪನೆಯ ಸೀಳುಗಳನ್ನು ತೆಗೆದು ಅಮೋನಿಯದಲ್ಲಿ ಹಾಯಿಸಿದಾಗ ಆಗುವ ಬದಲಾವಣೆ ನೋಡುವಂಥದ್ದು. ಮಂಕಾದ ಹಳದಿ ಹಿನ್ನೆಲೆಯಲ್ಲಿ ಅಲ್ಲೊಂದು ಇಲ್ಲೊಂದು ಕೋಶ ಮಾತ್ರ ಅಪ್ಪಟ ಕಪ್ಪಾಗಿ, ಕೊನೆಯ ಕವಲಿನವರೆಗೂ ಎದ್ದು ನಿಲ್ಲುತ್ತದೆ. ನೂರರಲ್ಲಿ ಬೆರಳೆಣಿಕೆಯಷ್ಟು ಕೋಶಗಳಿಗೆ ಮಾತ್ರ ಬಣ್ಣ ಹತ್ತುವುದೇ ಇದರ ಬಲ. ಎಲ್ಲಕ್ಕೂ ಹತ್ತಿದ್ದರೆ ಕಾಣುತ್ತಿದ್ದುದು ಬರೀ ಮಸಿ. ಪರ್ಕಿಂಜಿ ಕೋಶಕ್ಕಾದರೆ ಸೀಳು ಸ್ಯಾಜಿಟಲ್ ದಿಕ್ಕಿನಲ್ಲೇ, ಅಂದರೆ ಮುಂದಿನಿಂದ ಹಿಂದಕ್ಕೆ ನಡುಗೆರೆಗೆ ಸಮಾನಾಂತರವಾಗಿ, ಇರಬೇಕು. ಅಡ್ಡ ದಿಕ್ಕಿಗೆ ಕೊಯ್ದರೆ ಆ ಚಪ್ಪಟೆ ಮರದ ಅಂಚಷ್ಟೇ ಸಿಗುತ್ತದೆ.

ಡೆಂಡ್ರೈಟ್‌ನ ಉದ್ದ, ಕವಲುಗಳ ಎಣಿಕೆ ಇವಕ್ಕೆ ಗಾಲ್ಜಿ–ಕಾಕ್ಸ್‌ಗೆ ಸಾಟಿಯಿಲ್ಲ. ಆದರೆ ಡೆಂಡ್ರೈಟ್ ಮೇಲಿನ ಸ್ಪೈನ್ ಎಂಬ ಪುಟ್ಟ ಮುಳ್ಳುಗಳನ್ನು ಎಣಿಸಿ ಅದನ್ನೇ ಸಿನ್ಯಾಪ್ಸ್ ಸಂಖ್ಯೆ ಎಂದು ಬರೆಯುವುದನ್ನು ನಾನು ಒಪ್ಪುವುದಿಲ್ಲ. ಪರ್ಕಿಂಜಿ ಕೋಶದ ಸ್ಪೈನ್‌ಗಳು ಒತ್ತೊತ್ತಾಗಿರುವುದರಿಂದ ಹಿಂದಿನವು ಮುಂದಿನವುಗಳ ಮರೆಯಲ್ಲಿ ಉಳಿಯುತ್ತವೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ವೀವರ್ ಎಂಬ ತಳಿಯ ಇಲಿಗಳಲ್ಲಿ ಗ್ರ್ಯಾನ್ಯೂಲ್ ಕೋಶಗಳು ಬಹುಪಾಲು ಸತ್ತುಹೋಗುತ್ತವೆ, ಪ್ಯಾರಲಲ್ ತಂತುಗಳು ಇಲ್ಲವೆನ್ನುವಷ್ಟು ಕಡಿಮೆ. ಆದರೂ ಪರ್ಕಿಂಜಿ ಕೋಶ ಸ್ಪೈನ್‌ಗಳನ್ನು ಬೆಳೆಸಿಕೊಂಡು, ಎದುರಿಗೆ ಜೊತೆಗಾರನಿಲ್ಲದೆ ಹಾಗೇ ನಿಂತಿರುತ್ತದೆ. ಗಾಲ್ಜಿ ಬಣ್ಣದಲ್ಲಿ ಈ ಒಂಟಿ ಸ್ಪೈನಿಗೂ ಸಿನ್ಯಾಪ್ಸ್ ಇರುವ ಸ್ಪೈನಿಗೂ ವ್ಯತ್ಯಾಸ ಹೇಳಲಾಗದು.

ಅದನ್ನು ಹೇಳುವುದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ. ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕ ಸುಮಾರು 200 ನ್ಯಾನೊಮೀಟರ್‌ಗಿಂತ ಹತ್ತಿರದ ಎರಡು ಬಿಂದುಗಳನ್ನು ಬಿಡಿಸಿ ತೋರಿಸಲಾರದು. ಸಿನ್ಯಾಪ್ಸ್‌ನ ಎರಡು ಪೊರೆಗಳ ನಡುವಿನ ಸಂದು ಸುಮಾರು 20 ನ್ಯಾನೊಮೀಟರ್. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಆ ಸಂದನ್ನು ತೋರಿಸಿದ ಮೇಲೆಯೇ ಕಾಹಾಲ್‌ರ ವಾದಕ್ಕೆ ಕೊನೆಯ ಮುದ್ರೆ ಬಿದ್ದದ್ದು. ನಮ್ಮಲ್ಲಿ ಈ ಯಂತ್ರವಿಲ್ಲದ ಕಾರಣ ಮಾದರಿಗಳನ್ನು ರೆಸಿನ್‌ನಲ್ಲಿ ಕೂರಿಸಿ ಬೆಂಗಳೂರಿಗೆ ಒಯ್ಯುತ್ತಿದ್ದೆ. ಅಲ್ಟ್ರಾಮೈಕ್ರೊಟೋಮ್‌ನ ವಜ್ರದ ಅಲಗಿನಿಂದ ಜಾರಿ ನೀರಿನ ಮೇಲೆ ತೇಲುವ ಪಟ್ಟಿಯ ಬಣ್ಣ ನೋಡಿಯೇ ದಪ್ಪ ಹೇಳುತ್ತಾರೆ: ಬೆಳ್ಳಿಯ ಬಣ್ಣವಿದ್ದರೆ ಬೇಕಾದಷ್ಟು ತೆಳು, ಚಿನ್ನದ ಬಣ್ಣಕ್ಕೆ ತಿರುಗಿದರೆ ದಪ್ಪವಾಯಿತು ಎಂದರ್ಥ. ಪರದೆಯ ಮೇಲೆ ಸ್ಪೈನ್‌ನ ತಲೆ, ಎದುರಿನ ತುದಿಯಲ್ಲಿ ಗುಂಪುಗೂಡಿದ ಕೋಶಿಕೆಗಳು ಎಂಬ ಸಂದೇಶದ ರಾಸಾಯನಿಕ ತುಂಬಿದ ಪುಟ್ಟ ಚೀಲಗಳು, ನಡುವೆ ಗಾಢವಾದ ಪಟ್ಟಿ ಮೂಡಿದರೆ ಅಲ್ಲಿ ಸಿನ್ಯಾಪ್ಸ್ ಇದೆ ಎಂದು ಯಾರೊಂದಿಗೂ ವಾದಿಸಬೇಕಾಗಿಲ್ಲ. 1959ರಲ್ಲಿ ಗ್ರೇ ಮಾಡಿದ ವಿಂಗಡಣೆಯ ನೆರವಿನಿಂದ, ಗಾಢ ಪಟ್ಟಿ ಒಂದೇ ಕಡೆ ದಪ್ಪವಾಗಿದ್ದರೆ ಉದ್ರೇಕಕ, ಎರಡೂ ಕಡೆ ಸಮವಾಗಿದ್ದರೆ ಪ್ರತಿಬಂಧಕ ಎಂದು ಸಾಮಾನ್ಯವಾಗಿ ಗುರುತಿಸಬಹುದು.

ಆದರೆ ಅಂಗಾಂಶವನ್ನು ಸ್ಥಿರಗೊಳಿಸುವ ಗ್ಲೂಟರಾಲ್ಡಿಹೈಡ್ ರಕ್ತನಾಳಗಳ ಮೂಲಕ ಸರಿಯಾಗಿ ಹರಿಯದಿದ್ದರೆ ಪೊರೆಗಳು ಅಲೆಅಲೆಯಾಗಿ ಮುದುಡುತ್ತವೆ, ಮೈಟೊಕಾಂಡ್ರಿಯ ಊದಿಕೊಳ್ಳುತ್ತವೆ. ಆಗ ಔಷಧದ ಪರಿಣಾಮ ಯಾವುದು, ಕೈಚಳಕದ ಕೊರತೆ ಯಾವುದು ಎಂದು ಹೇಳಲಾಗದು. ನೋಡುವ ಜಾಗವೂ ಬಹಳ ಕಿರಿದು. ಪೊರೆಯ ಒಳಮೈಯನ್ನೇ ನೋಡಬೇಕೆಂದರೆ ಫ್ರೀಜ್ ಫ್ರ್ಯಾಕ್ಚರ್ ಇದೆ: ಹೆಪ್ಪುಗಟ್ಟಿಸಿ ಒಡೆದಾಗ ಪೊರೆ ತನ್ನ ಎರಡು ಪದರಗಳ ನಡುವೆ ಸೀಳಿ, ಅದರಲ್ಲಿ ಹುದುಗಿದ ಪ್ರೋಟೀನ್‌ಗಳು ಕಣಗಳಾಗಿ ಕಾಣುತ್ತವೆ. ಇದನ್ನು ನಾನು ಪಕ್ಕದಲ್ಲಿ ನಿಂತು ನೋಡಿದ್ದೇನೆ ಅಷ್ಟೆ, ತೀರ್ಪು ಕೊಡುವುದಿಲ್ಲ.

ಪೊರೆಯ ರಸಾಯನಕ್ಕೆ ನನ್ನ ಮೆಚ್ಚಿನದು ಸಿನ್ಯಾಪ್ಟೋಸೋಮ್. ಮೆದುಳನ್ನು 0.32 ಮೋಲಾರ್ ಸುಕ್ರೋಸ್‌ನಲ್ಲಿ, ಮಂಜುಗಡ್ಡೆಯ ಮೇಲೆ, ಟೆಫ್ಲಾನ್ ದಂಡದಿಂದ ಮೆತ್ತಗೆ ಅರೆದರೆ ಆಕ್ಸಾನ್ ತುದಿಗಳು ಕಿತ್ತುಬಂದು ತಾವೇ ಮುಚ್ಚಿಕೊಂಡು ಚೀಲಗಳಾಗುತ್ತವೆ; ಇವೇ ಸಿನ್ಯಾಪ್ಟೋಸೋಮ್‌ಗಳು. ಹಲವಕ್ಕೆ ಎದುರಿನ ಕೋಶದ ಪೊರೆಯ ಚೂರೂ ಅಂಟಿರುತ್ತದೆ. ಮೊದಲು ನಿಧಾನ ಗತಿಯ ಸೆಂಟ್ರಿಫ್ಯೂಜ್, ಆಮೇಲೆ ವೇಗದ್ದು, ಕೊನೆಗೆ ಸುಕ್ರೋಸ್‌ನ ಮೆಟ್ಟಿಲುಗಳು. ಮೈಲಿನ್ ಮೇಲೆ ತೇಲುತ್ತದೆ, ಮೈಟೊಕಾಂಡ್ರಿಯ ತಳಕ್ಕಿಳಿಯುತ್ತವೆ, 0.8 ಮತ್ತು 1.2 ಮೋಲಾರ್ ಪದರಗಳು ಕೂಡುವಲ್ಲಿ ಸಿನ್ಯಾಪ್ಟೋಸೋಮ್‌ಗಳ ತೆಳ್ಳನೆಯ ಬಿಳಿ ಉಂಗುರ ನಿಲ್ಲುತ್ತದೆ. ಆ ಉಂಗುರವನ್ನು ಪಿಪೆಟ್‌ನಿಂದ ಎಳೆದುಕೊಳ್ಳುವಾಗ ಈಗಲೂ ಉಸಿರು ಬಿಗಿಹಿಡಿಯುತ್ತೇನೆ. ಇದರಲ್ಲಿ ಪೊರೆಯಲ್ಲಿ ಅಯಾನ್‌ಗಳನ್ನು ಸಾಗಿಸುವ ಕಿಣ್ವವಾದ ಸೋಡಿಯಂ–ಪೊಟ್ಯಾಷಿಯಂ ಎಟಿಪಿಯೇಸ್ ಚಟುವಟಿಕೆ, ಕೊಲೆಸ್ಟರಾಲ್ ಮತ್ತು ಫಾಸ್ಫೊಲಿಪಿಡ್ ಅನುಪಾತ, ಪೊರೆಯ ದ್ರವತೆ ಎಲ್ಲವನ್ನೂ ಅಳೆಯಬಹುದು; ಬೇಕಾದ ಉಪಕರಣಗಳು ಮೈಸೂರಿನಲ್ಲೇ ಸಿಗುತ್ತವೆ.

ಕಷ್ಟಗಳೂ ಇವೆ. ಅಲ್ಟ್ರಾಸೆಂಟ್ರಿಫ್ಯೂಜ್ ತಿರುಗುತ್ತಿರುವಾಗ ಕರೆಂಟ್ ಹೋದರೆ ಪದರಗಳು ಕಲಸಿಹೋಗುವ ಭಯ. ಬೆಳಿಗ್ಗೆ ಶುರುಮಾಡಿದ್ದನ್ನು ಅದೇ ದಿನ ಮುಗಿಸಬೇಕಾದ್ದರಿಂದ ಮಂಡ್ಯಕ್ಕೆ ಹಿಂದಿರುಗುವ ಸಂಜೆಯ ರೈಲಿನ ಆಸೆ ಬಿಡಬೇಕು. ಇಲಿಯ ಅನುಮಸ್ತಿಷ್ಕ ಅರ್ಧ ಗ್ರಾಂ ಕೂಡ ತೂಗದಿರುವುದರಿಂದ ಹಲವು ಪ್ರಾಣಿಗಳದ್ದನ್ನು ಕೂಡಿಸಬೇಕಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಎಚ್ಚರ ಅನುಮಸ್ತಿಷ್ಕಕ್ಕೇ ಸೇರಿದ್ದು: ಹೊರಗಿನಿಂದ ಬಂದು ಗ್ರ್ಯಾನ್ಯೂಲ್ ಕೋಶಗಳಿಗೆ ಸಂದೇಶ ಕೊಡುವ ಮಾಸಿ ತಂತುಗಳ ತುದಿಗಳು ದೊಡ್ಡವು, ಭಾರದವು. ಕೋಶಕೇಂದ್ರಗಳ ಜೊತೆ ಅವು ಮೊದಲ ಸುತ್ತಿನಲ್ಲೇ ತಳಕ್ಕೆ ಕೂರುತ್ತವೆ. ಕಾರ್ಟೆಕ್ಸ್‌ಗೆ ಬರೆದ ವಿಧಾನವನ್ನು ಹಾಗೇ ಅನುಸರಿಸಿ ಆ ತಳವನ್ನು ಚೆಲ್ಲಿದವರು ಮಾಸಿ ತಂತುಗಳನ್ನೂ ಚೆಲ್ಲಿದಂತೆ. ಈ ತುದಿಗಳು ಗ್ರ್ಯಾನ್ಯೂಲ್ ಕೋಶಗಳ ಡೆಂಡ್ರೈಟ್‌ಗಳೊಡನೆ ಕೂಡಿದ ಗೊಂಚಲುಗಳಾದ ಗ್ಲೊಮೆರುಲಸ್‌ಗಳೇ ಬೇಕಾದರೆ ಆ ತಳದಲ್ಲೇ ಹುಡುಕಬೇಕು.

ಪ್ರತಿಕಾಯಗಳಿಂದ ಬಣ್ಣ ಹಚ್ಚಿ ಕಾನ್‌ಫೋಕಲ್ ಸೂಕ್ಷ್ಮದರ್ಶಕದಲ್ಲಿ ನೋಡುವುದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬೆಳೆದ ಪ್ರಾಣಿಯ ಮೇಲಿನ ಪದರದಲ್ಲಿ ಪ್ಯಾರಲಲ್ ತಂತುಗಳಿಗೆ ವಿಗ್ಲಟ್-1, ಕ್ಲೈಂಬಿಂಗ್ ತಂತುಗಳಿಗೆ ವಿಗ್ಲಟ್-2 ಎಂಬ ಪ್ರೋಟೀನ್‌ಗಳ ಪ್ರತಿಕಾಯ ಹಚ್ಚಿ ಎರಡನ್ನೂ ಬೇರ್ಪಡಿಸಬಹುದು ಎಂಬುದು ಇದರ ದೊಡ್ಡ ಗುಣ. ಗಾಲ್ಜಿಗಾಗಲೀ ಸಿನ್ಯಾಪ್ಟೋಸೋಮ್‌ಗಾಗಲೀ ಇದು ಸಾಧ್ಯವಿಲ್ಲ. ಎಳೆಯ ಮರಿಗಳಲ್ಲಿ ಪ್ಯಾರಲಲ್ ತಂತುಗಳಲ್ಲೂ ವಿಗ್ಲಟ್-2 ಇರುವುದರಿಂದ ಅಲ್ಲಿ ಈ ಲೆಕ್ಕ ನಡೆಯದು. ಸಂದಿನ ಎರಡು ಬದಿಯ ಪ್ರೋಟೀನ್‌ಗಳ ಹಸಿರು, ಕೆಂಪು ಚುಕ್ಕೆಗಳು ಒಂದರ ಮೇಲೊಂದು ಬಿದ್ದು ಹಳದಿಯಾದರೆ ಸಿನ್ಯಾಪ್ಸ್ ಸಾಬೀತಾಯಿತು ಎನ್ನುವುದೂ ತಪ್ಪು. ಹತ್ತಿರದಲ್ಲಿವೆ ಎಂದಷ್ಟೇ ಹೇಳಬಹುದು.

ಪ್ಯಾಚ್ ಕ್ಲಾಂಪ್ ಮಾತ್ರ ಬೇರೆಯೇ ಲೋಕ. ನೇಹರ್ ಮತ್ತು ಸಾಕ್‌ಮನ್ 1976ರಲ್ಲಿ ಒಂದೇ ಅಯಾನ್ ಚಾನೆಲ್‌ನ ವಿದ್ಯುತ್ತನ್ನು ದಾಖಲಿಸಿದ ತಂತ್ರ ಇದು. 1991ರಲ್ಲಿ ಅವರಿಗೆ ನೊಬೆಲ್ ಬಂತು. ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ತರಬೇತಿಗೆಂದು ಕೂತಾಗ ಮೊದಲ ಸಲ ಜೀವಂತ ಪರ್ಕಿಂಜಿ ಕೋಶವನ್ನು ಮುಟ್ಟಿದೆ. ಗಾಜಿನ ಪಿಪೆಟ್ ತುದಿ ಪೊರೆಗೆ ತಾಗಿದಾಗ ಸಣ್ಣ ಗುಳಿ ಬೀಳುತ್ತದೆ, ಮೆಲ್ಲಗೆ ಉಸಿರೆಳೆದರೆ ರೋಧ ಗಿಗಾಓಮ್‌ಗೆ ಏರಿ ಪರದೆಯ ಗೆರೆ ಥಟ್ಟನೆ ಚಪ್ಪಟೆಯಾಗುತ್ತದೆ. ಆಮೇಲೆ ತಂತುಗಳನ್ನು ಉದ್ದೀಪಿಸಿ ನೋಡಿ. ಉದ್ದೀಪನ ಹೆಚ್ಚಿಸಿದಂತೆ ಪ್ರತಿಕ್ರಿಯೆ ಸ್ವಲ್ಪ ಸ್ವಲ್ಪವೇ ಏರಿದರೆ ಅದು ಪ್ಯಾರಲಲ್ ತಂತು. ಬಂದರೆ ಪೂರ್ತಿ, ಇಲ್ಲದಿದ್ದರೆ ಸೊನ್ನೆ ಎಂಬಂತಿದ್ದರೆ ಕ್ಲೈಂಬಿಂಗ್ ತಂತು. ಬೆನ್ನುಬೆನ್ನಿಗೆ ಎರಡು ಸಲ ಉದ್ದೀಪಿಸಿದಾಗ ಪ್ಯಾರಲಲ್ ತಂತುವಿನಲ್ಲಿ ಎರಡನೆಯ ಪ್ರತಿಕ್ರಿಯೆ ದೊಡ್ಡದು, ಕ್ಲೈಂಬಿಂಗ್ ತಂತುವಿನಲ್ಲಿ ಚಿಕ್ಕದು. ಯಾವ ಸಿನ್ಯಾಪ್ಸ್ ಎಂಬ ನನ್ನ ಪ್ರಶ್ನೆಗೆ ಇಷ್ಟು ನೇರವಾಗಿ ಉತ್ತರಿಸುವ ವಿಧಾನ ಇನ್ನೊಂದಿಲ್ಲ. ಆದರೆ ಕಂಪನ ತಡೆಯುವ ಮೇಜು, ಆಂಪ್ಲಿಫೈಯರ್, ಜೀವಂತ ಸೀಳು ಕೊಯ್ಯುವ ವೈಬ್ರಟೋಮ್, ಆಮ್ಲಜನಕ ಬೆರೆಸಿದ ಅನಿಲದ ಸಿಲಿಂಡರ್ ಇಷ್ಟನ್ನೂ ಹೊಂದಿಸಿಕೊಳ್ಳಬೇಕು, ತಿಂಗಳುಗಟ್ಟಲೆ ಕೈ ಪಳಗಬೇಕು. ವಯಸ್ಸಾದ ಪ್ರಾಣಿಯ ಸೀಳುಗಳಲ್ಲಿ ಆರೋಗ್ಯವಂತ ಕೋಶ ಸಿಗುವುದೂ ದುರ್ಲಭ. ವಾರ್ಧಕ್ಯದ ಮೇಲೆ ಕೆಲಸ ಮಾಡುವವರು ಇದನ್ನು ಮೊದಲೇ ತಿಳಿದಿರಬೇಕು.

ಮೈಸೂರು, ಮಂಡ್ಯದಂಥ ಊರಿನ ಸಣ್ಣ ಪ್ರಯೋಗಾಲಯಕ್ಕೆ ನಾನು ಹೇಳುವುದು ಗಾಲ್ಜಿ–ಕಾಕ್ಸ್ ಮತ್ತು ಸಿನ್ಯಾಪ್ಟೋಸೋಮ್‌ಗಳ ಜೋಡಿ. ಎರಡಕ್ಕೂ ಫಾರ್ಮಾಲಿನ್ ಕಾಣದ ತಾಜಾ ಮೆದುಳೇ ಬೇಕಾದ್ದರಿಂದ ಅನುಮಸ್ತಿಷ್ಕವನ್ನು ನಡುಗೆರೆಯಲ್ಲಿ ಸೀಳಿ ಒಂದು ಭಾಗವನ್ನು ಬೀರುವಿಗೂ ಇನ್ನೊಂದನ್ನು ಮಂಜುಗಡ್ಡೆಗೂ ಕಳಿಸಬಹುದು. ಎಡ ಬಲ ಭಾಗಗಳನ್ನು ಪ್ರಾಣಿಯಿಂದ ಪ್ರಾಣಿಗೆ ಅದಲುಬದಲು ಮಾಡಿ. ಗಾಲ್ಜಿಯಲ್ಲಿ ಸ್ಪೈನ್‌ಗಳ ಸಂಖ್ಯೆ ಬದಲಾದಂತೆ ಕಂಡರೆ ಮಾತ್ರ ಬೆಂಗಳೂರಿನ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಹಣ ಕೂಡಿಸಿ. ಅದಕ್ಕೆ ಬೇರೆ ಪ್ರಾಣಿಗಳೇ ಬೇಕು, ಏಕೆಂದರೆ ಅವುಗಳ ಮೆದುಳನ್ನು ಮೊದಲೇ ಗ್ಲೂಟರಾಲ್ಡಿಹೈಡ್‌ನಿಂದ ಸ್ಥಿರಗೊಳಿಸಬೇಕಾಗುತ್ತದೆ. ಆ ಸಂಖ್ಯೆಯನ್ನು ಪ್ರಾಣಿ ನೀತಿ ಸಮಿತಿಗೆ ಹಾಕುವ ಮೊದಲ ಅರ್ಜಿಯಲ್ಲೇ ಕಾರಣಸಹಿತ ಬರೆದುಬಿಡಿ.